ಆರರಿಂದ ಆರರವರೆಗೆ

ಹಸಿರು ರಟ್ಟಿನ ಪುಸ್ತಕ ಕೊಟ್ಟು ಹೋದರು ಸೆಕ್ಷನ್ ಇಂಜಿನಿಯರ್.
ನಿನ್ನೆ ಸಂಜೆ ಆರರಿಂದ ಇವತ್ತು ಸಂಜೆ ಆರರವರೆಗೆ
ಕಡಕೊಳದ ಈಚೆಗಿನ ಈ ಗೇಟು ದಾಟಿದ್ದನ್ನೆಲ್ಲ
ಗೀಟೆಳೆದು ಬರೆಯಬೇಕು.
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.
ಗೇಟಿನ ಹಾಗೇ.

ಸೂತ್ರ ಸಲೀಸು:
ದಿನಕ್ಕೆ ಹನ್ನೆರಡು ರೈಲು, ದಾಟಿದ ಗಾಡಿಗಳಿಂದ ಗುಣಿಸು.
ಲಕ್ಷ ಮುಟ್ಟಿದರೆ ಮೇಲ್ಸೇತುವೆ.
ಮುಟ್ಟದಿದ್ದರೆ ನಾನು.

ನಾನು ಇಲ್ಲಿಗೆ ಬಂದ ವರ್ಷ ಈ ಪುಸ್ತಕ ಕೊಟ್ಟಿದ್ದರೆ
ಒಂದು ಹಾಳೆ ಸಾಕಿತ್ತು:
ಹುಲ್ಲಿನ ಗಾಡಿ ಎರಡು, ಡೈರಿ ವ್ಯಾನು, ಪೋಸ್ಟಿನ ಸೈಕಲ್ಲು,
ಒಂದು ಕುರಿಮಂದೆ. ಅದಕ್ಕೆ ಆಗಲೂ ಕಾಲಂ ಇರಲಿಲ್ಲ.
ಹಳಿಯ ಆಚೆ ಹುರುಳಿ, ಈಚೆ ಹುರುಳಿ.
ಬೆಲ್ಲು ಹೊಡೆಯುವ ಮೊದಲೇ ನವಿಲು ಕೂಗುತ್ತಿತ್ತು, ರೈಲು ಬಂತೆಂದು.

ಈಗ ಹುರುಳಿ ಹೊಲ ಒಂದನೇ ಹಂತ, ಎರಡನೇ ಹಂತ,
ಎರಡನೇ ಹಂತದ ವಿಸ್ತರಣೆ.
ಮೊದಲು ಕಲ್ಲು ನೆಟ್ಟರು, ಆಮೇಲೆ ಕಮಾನು,
ಕಮಾನಿನ ಪಕ್ಕ ಫಲಕ:
‘ರೈಲು ನಿಲ್ದಾಣಕ್ಕೆ ಐದೇ ನಿಮಿಷ.’
ಸುಳ್ಳಲ್ಲ. ಅಳೆದವನನ್ನು ನಾನೇ ನೋಡಿದ್ದೇನೆ,
ರಾತ್ರಿ ಎರಡಕ್ಕೆ ಬೈಕಿನಲ್ಲಿ ಬಂದಿದ್ದ.
ಗೇಟು ತೆರೆದಿತ್ತು.

ಬೆಳಗ್ಗೆ ಎಂಟೂವರೆಗೆ ಅದೇ ಐದು ನಿಮಿಷ
ಕಮಾನು ದಾಟುವುದಕ್ಕೂ ಸಾಲದು.
ನಂಜನಗೂಡಿನ ಫ್ಯಾಕ್ಟರಿ ಬಸ್ಸು, ಮೂರು ಶಾಲೆಯ ಹಳದಿ ವ್ಯಾನು,
ನೀರಿನ ಟ್ಯಾಂಕರು, ಮತ್ತೊಂದು ನೀರಿನ ಟ್ಯಾಂಕರು
(ಮನೆ ಬಂತು, ಕೊಳಾಯಿ ಇನ್ನೂ ದಾರಿಯಲ್ಲಿದೆ),
ಜಲ್ಲಿ ಟಿಪ್ಪರು. ಎಲ್ಲ ಹಾರನ್ನೂ ನನ್ನ ಬೆನ್ನಿಗೆ.
ಆ ಕಡೆಯವರು ರಸ್ತೆ ತುಂಬ ನಿಲ್ಲುತ್ತಾರೆ, ಈ ಕಡೆಯವರೂ ತುಂಬ;
ಗೇಟು ಎತ್ತಿದೆನೋ, ಎರಡು ಊರು ಮುಖಾಮುಖಿ,
ಹಿಂದೆ ಸರಿಯುವವರು ಯಾರು?

ರೈಲಂತೂ ಹಳೆಯ ರೈಲೇ.
ಹಾಲ್ಟಿನ ಪ್ಲಾಟ್‌ಫಾರಂ ನಾಲ್ಕು ಬೋಗಿಗೆಂದು ಕಟ್ಟಿದ್ದು,
ಹಿಂದಿನ ಬೋಗಿಯವರು ಟಿಫನ್ ಡಬ್ಬಿ ಎದೆಗವಚಿಕೊಂಡು
ಜಲ್ಲಿಗೆ ಧುಮುಕುತ್ತಾರೆ.
ಟಿಕೆಟ್ಟಿನ ಮಾದಪ್ಪಾಜಿ ದಿನಕ್ಕೆ ಮೂವತ್ತು ಹರಿದು ಕೊಟ್ಟು
ಮಧ್ಯೆ ನಿದ್ದೆಯನ್ನೂ ತೆಗೆಯುತ್ತಿದ್ದರು;
ಈಗ ಕಿಟಕಿಯ ಕಂಬಿ ಹಿಡಿದ ಕೈಗಳಲ್ಲದೆ ಮುಖಗಳೇ ಕಾಣುವುದಿಲ್ಲವಂತೆ.

ಮಧ್ಯಾಹ್ನ ಬಡಾವಣೆ ಸಂಘದ ಅಧ್ಯಕ್ಷರು ಬಂದರು,
ಗಣಿತ ಹೇಳಿಕೊಟ್ಟು ನಿವೃತ್ತರಾದವರು.
ಮೆಲ್ಲಗೆ: “ಅಡ್ಡಗೀಟು ಸ್ವಲ್ಪ ಧಾರಾಳವಾಗಿ ಎಳೀರಿ.
ನಮ್ಮ ಮನೆಯವರು ಆಂಬುಲೆನ್ಸಿನಲ್ಲಿ, ಇಲ್ಲೇ, ಹದಿನೇಳು ನಿಮಿಷ...”
ಮುಗಿಸಲಿಲ್ಲ.
ಆ ದಿನದ ಪಾಳಿ ನನ್ನದೇ. ಗೂಡ್ಸು ಹೋಗುತ್ತಿತ್ತು.
ನಾನೂ ಏನೂ ಅನ್ನಲಿಲ್ಲ.

ಸೌತೆಕಾಯಿ ಸೀಳಿ ಉಪ್ಪುಖಾರ ಸವರುತ್ತ ಸಣ್ಣತಾಯಮ್ಮ:
“ಕಮ್ಮಿ ಬರ್ಕಳಪ್ಪ. ಗೇಟ್ ಬಿದ್ರೆ ತಾನೆ ನನ್ನಂಗ್ಡಿ ತಗ್ಯಾದು?
ಸೇತ್ವೆ ಮ್ಯಾಲ್ ನಿಂತು ಯಾರ್ ತಿಂದಾರು ಸೌತೇಕಾಯ?”
ಅವಳಿಗೂ ಕಾಲಂ ಇಲ್ಲ ಪುಸ್ತಕದಲ್ಲಿ.
ಗೇಟಿನಡಿ ತೂರಿ ನಡೆದುಹೋಗುವ ಯಾರಿಗೂ ಇಲ್ಲ.
ಎರಡನೇ ಹಂತದ ಮನೆಗಳ ಪಾತ್ರೆ ತೊಳೆಯಲು
ಏಳರ ರೈಲಿಗೆ ಬಂದಿಳಿಯುವ ಹದಿನೆಂಟು ಹೆಂಗಸರು,
ಅವರ ಕಾಲು ಚಕ್ರವಲ್ಲ.

ಐದೂ ಮುಕ್ಕಾಲು. ರಾತ್ರಿ ಪಾಳಿಯ ಫಯಾಜ್ ಎಳೆದದ್ದೂ ಸೇರಿಸಿ ಕೂಡಿದೆ:
ಎಂಟು ಸಾವಿರದ ಮುನ್ನೂರ ಇಪ್ಪತ್ತು.
ಲಕ್ಷಕ್ಕೆ ಇನ್ನು ಹದಿನಾಲ್ಕು ಗಾಡಿ.

ಚಾಮರಾಜನಗರದ ರೈಲಿಗೆ ಗೇಟು ಹಾಕಿದೆ,
ಆರಕ್ಕೆ ನಾಲ್ಕು ನಿಮಿಷವಿದ್ದಾಗ ಎತ್ತಿದೆ.
ಎರಡು ಊರು ಮುಖಾಮುಖಿ. ನಡುವೆ ಸಿಕ್ಕಿಕೊಂಡದ್ದು
ಮೂರನೇ ಹಂತಕ್ಕೆ ಟಾರು ಒತ್ತಲು ಹೊರಟ ರೋಡ್ ರೋಲರು.
ಅದರ ಎಡಕ್ಕೆ ಬಲಕ್ಕೆ ನುಸುಳಿ ಬೈಕುಗಳು ದಾಟಿದವು,
ಹದಿಮೂರು. ಗೀಟೆಳೆದೆ.

ಗೇಟುಮನೆಯ ಗಡಿಯಾರ ಆರು ಹೊಡೆಯಿತು.
ರೋಲರಿನ ಮುಂದಿನ ಉರುಳೆ ಹಳಿ ದಾಟಿದೆ,
ಹಿಂದಿನ ಚಕ್ರ ಇನ್ನೂ ಆಚೆ.
ಡ್ರೈವರು ಬೀಡಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಾನೆ,
ಅವಸರವಿಲ್ಲ ಅವನಿಗೆ.
ಬುಟ್ಟಿ ತಲೆಗೇರಿಸುತ್ತ ಸಣ್ಣತಾಯಮ್ಮ ಕೇಳುತ್ತಾಳೆ,
“ಎಷ್ಟಾತಪ್ಪ?”