ವೇ ಬ್ರಿಡ್ಜಿನಲ್ಲಿ ಎಫ್

ಕೆ.ಎಂ. ದೊಡ್ಡಿ ರಸ್ತೆಯ ವೇ ಬ್ರಿಡ್ಜಿನಿಂದ ಫೋನು ಬಂದಾಗ
ನಾನು ಮಂಡ್ಯದ ಅಂಗಡಿಯಲ್ಲಿ ಯಾರದೋ ಕೀಬೋರ್ಡು ತಲೆಕೆಳಗು ಮಾಡಿ
ಚಕ್ಕುಲಿ ಚೂರು ಉದುರಿಸುತ್ತಿದ್ದೆ.
‘ಹೊಸ ಸಾಫ್ಟ್‌ವೇರು ಕೂರ್ತಾ ಇಲ್ಲ ಕಣಮ್ಮ,
ಹನ್ನೆರಡು ಟ್ರ್ಯಾಕ್ಟರು ನಿಂತವೆ.’
ನಾನು ತಲುಪುವಾಗ ಹತ್ತೊಂಬತ್ತು.

ಕಬ್ಬಿಗೊಂದು ಕೆಟ್ಟ ಗುಣ, ಕಡಿದ ಮೇಲೆ ಕಾಯುವುದಿಲ್ಲ.
ಬಿಸಿಲಲ್ಲಿ ನಿಂತಷ್ಟೂ ಒಳಗಿನ ನೀರು ಹಾರಿ
ಯಾರ ಲೆಕ್ಕಕ್ಕೂ ಸೇರದೆ ಹೋಗುತ್ತದೆ.
ಹಾಗಾಗಿ ಕಿಟಕಿ ಸರಳಿಗೆ ಹಣೆ ಒತ್ತಿ ನಿಂತವರ
ಉಸಿರೆಲ್ಲ ನನ್ನ ಬೆನ್ನ ಮೇಲೆ.

ತೆರೆಯಲ್ಲಿ ಒಂದೇ ಸಾಲು:
ಡ್ರೈವ್ ಎಫ್ ಸರಿಯಿಲ್ಲ.
ಕೆಳಗೆ ಎರಡು ಗುಂಡಿ. ಮತ್ತೆ ನೋಡು, ಬಿಟ್ಟುಬಿಡು.

ಮತ್ತೆ ನೋಡಿದೆ. ಅದೇ.
ಆರಿಸಿ ಹಚ್ಚಿದೆ. ಅದೇ.
ಅಡ್ಮಿನ್ ಹೆಸರಲ್ಲಿ ಗತ್ತಿನಿಂದ ಹೇಳಿದೆ. ಅದೇ.
ಸಿ ಇತ್ತು, ಅರ್ಧ ಖಾಲಿ.
ಡಿ ಇತ್ತು, ಮಾಲೀಕರ ಮಗಳ ಮದುವೆ ಫೋಟೋ ತುಂಬ.
ಇ ಅಂದರೆ ಬಾಯಿ ತೆಗೆಯದ ಸಿ.ಡಿ. ತಟ್ಟೆ.
ಎಫ್ ಎಲ್ಲೂ ಇಲ್ಲ.
ಬೇಕಾಗಿಯೂ ಇರಲಿಲ್ಲ ಅದಕ್ಕೆ, ಕೂರುವುದು ಸಿಯಲ್ಲೇ;
ಆದರೂ ಎಫ್ ಇದೆಯೆಂದು ಯಾರಾದರೂ ಹೇಳುವ ತನಕ
ಒಳಗೆ ಕಾಲಿಡಲೊಲ್ಲದು,
ಹೊಸಿಲಲ್ಲೇ ಚಪ್ಪಲಿ ಬಿಡದೆ ನಿಂತ ಬೀಗರ ಥರ.

ಐ.ಟಿ.ಐ.ನಲ್ಲಿ ಸುಧಾಮಣಿ ಬಾರದ ದಿನ
ಅವಳ ನಂಬರಿಗೆ ನಾನೇ ತಲೆ ತಗ್ಗಿಸಿ ‘ಸಾರ್’ ಅನ್ನುತ್ತಿದ್ದೆ;
ಮೇಷ್ಟ್ರಿಗೂ ಬೇಕಿದ್ದದ್ದು ಸುಧಾಮಣಿಯಲ್ಲ, ಒಂದು ದನಿ.
ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪು ಮಾಡಿದೆ.
ಸಿಯೊಳಗಿನ ಖಾಲಿ ಫೋಲ್ಡರೊಂದಕ್ಕೆ
ಇನ್ನು ಮೇಲೆ ನೀನೇ ಎಫ್ ಅಂತ.
ನಂಬಿತು.
ಹಸಿರು ಪಟ್ಟಿ ನೂರರ ತನಕ ಓಡಿತು.

ಮೊದಲು ನನ್ನನ್ನೇ ತೂಗಿ ನೋಡಿದೆ, ಸ್ಕೂಟರು ಸಮೇತ:
ನೂರ ಎಂಬತ್ತು.
ಆಮೇಲೆ ಒಂದೊಂದೇ ಟ್ರ್ಯಾಕ್ಟರು ಹತ್ತಿ ಇಳಿಯಿತು.
ಹಣೆಗಳು ಸರಳು ಬಿಟ್ಟವು,
ಪ್ರತಿ ಹಣೆಯಲ್ಲೂ ಉದ್ದ ತುಕ್ಕಿನ ನಾಮ.

ಆದರೆ ಕಳ್ಳ ಹಾಜರಿ ಒಂದು ದಿನದ ಮಾತು.
ಮೆಷಿನ್ನು ಮಲಗಿ ಎದ್ದರೆ ಫೋಲ್ಡರು ಫೋಲ್ಡರೇ,
ಮುಂದಿನ ಅಪ್‌ಡೇಟು ಮತ್ತೆ ಹೆಸರು ಕೂಗುತ್ತದೆ.
‘ಈ ಎಫ್ ಯಾರದ್ದು?’ ಅಂದೆ.

ಮೂಲೆಯಲ್ಲಿ ಚೀಟಿ ಹರಿಯುತ್ತಿದ್ದ ಪುಟ್ಟಮಾದಯ್ಯ,
ಹಳೆಯ ಗುಮಾಸ್ತರು,
ರಶೀದಿ ಕಟ್ಟಿನ ಮೇಲಿಂದ ಒಂದು ಕರೀ ಡಬ್ಬಿ ಎತ್ತಿ ತೋರಿಸಿದರು.
ಶಿವರಾತ್ರಿಗೆ ಮುಂಚೆ ಒಂದಿನ ಟಿಕ್ ಟಿಕ್ ಅಂದಿತಂತೆ,
ಆಮೇಲೆ ಅದನ್ನೂ ಅನ್ನಲಿಲ್ಲವಂತೆ.
‘ನನ್ನ ಫೋಟೋ ಎಲ್ಲ ಇದ್ರೊಳಕ್ಕೇ ಹೋಗಂಗೆ ಮಾಡ್ಕೊಂಡಿದ್ದೆ ಕಣವ್ವ.
ಈಗ ಕಾಗದ ಹಾರದಂಗೆ ಮಡಗಿವ್ನಿ.’

ರಿಜಿಸ್ಟ್ರಿ ತೆರೆದೆ.
ತಾಲ್ಲೂಕು ಕಚೇರಿಯ ಖಾತೆಯಂಥದೇ ಅದೂ;
ಜಮೀನು ಹೋಗಿರುತ್ತದೆ, ಹೆಸರು ಹೋಗಿರುವುದಿಲ್ಲ.
ಇಳಿದು ಇಳಿದು, ಒಂದು ಸಾಲಲ್ಲಿ ಸಿಕ್ಕಿತು:
ಚಿತ್ರಗಳ ವಿಳಾಸ. ಎಫ್. ಮಾದಯ್ಯ. ಮನೆ ಫೋಟೋ.

‘ತೆಗೀಲಾ?’
‘ಬರೀ ಹೆಸರು ಇದ್ದು ಏನ್ ಮಾಡ್ತದೆ, ತೆಗಿ.’
ಹೇಳಿದರು, ಆದರೆ ನೋಡಲು ಹತ್ತಿರ ಬಂದರು.
ಒಂದಕ್ಷರ ಅಳಿಸಿ ಒಂದಕ್ಷರ ಇಟ್ಟೆ.
‘ಅಷ್ಟೇಯಾ?’ ಅಂದರು.
ಅಷ್ಟೇ.

ಕೊನೆಯ ಟ್ರ್ಯಾಕ್ಟರು ಹೋದ ಮೇಲೆ
ನಾನು ವೈರು ಸುತ್ತುವಾಗ ಅವರು ಹೊರಗೆ ಹೋಗಿ
ಆ ಉದ್ದ ಕಬ್ಬಿಣದ ಹಾಸಿನ ನಟ್ಟನಡುವೆ
ಡಬ್ಬಿ ಇಟ್ಟು, ದೂರ ಸರಿದು, ಕೂಗಿದರು:
‘ಎಷ್ಟು ತೋರಿಸ್ತದೆ ನೋಡವ್ವ!’

ಸೊನ್ನೆ.
ಹತ್ತು ಕೆ.ಜಿ.ಯ ಕೆಳಗಿನದು ಈ ಯಂತ್ರಕ್ಕೆ ಕಾಣದು
ಅಂತ ನಾನು ವಿವರಿಸುತ್ತಲೇ ಇದ್ದೆ.
ಅವರು ಅದನ್ನು ಎತ್ತಿಕೊಂಡು, ಪಂಚೆಯಲ್ಲಿ ಧೂಳು ಒರೆಸಿ,
ಮತ್ತೆ ರಶೀದಿಗಳ ಮೇಲಿಟ್ಟು
ಫ್ಯಾನು ಹಾಕಿದರು.

ಒಂದೂ ಹಾರಲಿಲ್ಲ.