ನಾಳೆ ಬರುವ ದೇಚಮ್ಮನಿಗೆ

ಕಡಂಗದಲ್ಲಿ ಡಾಂಬರು ಬಿಟ್ಟುಬಿಡು.
ಹಂದಿ ಮಾಂಸದ ಅಂಗಡಿ ದಾಟಿ ಎಡಕ್ಕೆ
ಒಂದು ಕೆಂಪು ದಾರಿ ಇಳಿಯುತ್ತದೆ,
ಬೋರ್ಡಿಲ್ಲ, ಕೈಕಂಬವಿಲ್ಲ,
ಒಣಗಲು ಹಾಕಿದ ಒಂದು ಹಳದಿ ಸೀರೆ ಮಾತ್ರ.
ನಾಳೆ ಸೀರೆ ಇರುತ್ತದೋ ಇಲ್ಲವೋ.
ದಾರಿ ಇರುತ್ತದೆ.

ಟಯರಿನ ಗಾಳಿ ಅಲ್ಲೇ ಸ್ವಲ್ಪ ಇಳಿಸು.
ಬಿಗಿದುಕೊಂಡು ಬಂದವರನ್ನು ಗರಸು ಎತ್ತಿ ಒಗೆಯುತ್ತದೆ;
ಹೆಬ್ಬೆರಳಿಗೆ ಸೋಲುವಷ್ಟು ಮೆತ್ತಗಿದ್ದರೆ
ಹೊತ್ತುಕೊಂಡು ಹೋಗುತ್ತದೆ.

ಎರಡು ಕಿಲೋಮೀಟರು ಸುಮ್ಮನೆ ಹೆದರಿಸುತ್ತದೆ, ಅಷ್ಟೆ.
ಆಮೇಲೆ ಕಡಂಗ. ಊರಲ್ಲ, ನಿಜವಾದ ಕಡಂಗ:
ಆಳೆತ್ತರದ ಮಣ್ಣದಿಬ್ಬ, ಪಕ್ಕದಲ್ಲಿ ಕಂದಕ,
ಯಾವ ಕಾಲದಲ್ಲಿ ಯಾರಿಗೆ ಯಾರ ಭಯವಿತ್ತೋ
ಅದು ಹಾಗೇ ಬೆಟ್ಟ ಹತ್ತಿ ಆಚೆ ಇಳಿದುಹೋಗಿದೆ.
ಈಗ ಅದರ ತುಂಬ ಜರೀಗಿಡ.
ದಾರಿ ಅದನ್ನು ಕೊಯ್ದುಕೊಂಡು ಹೋಗುವಲ್ಲಿ
ಯಾರೋ ಒಂದು ಲೋಡು ಜಲ್ಲಿ ಸುರಿದಿದ್ದಾರೆ, ಕೋಳಿಮೊಟ್ಟೆ ಗಾತ್ರ.
ಬ್ರೇಕ್ ಹಿಡಿಯಬೇಡ.
ಹ್ಯಾಂಡಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿ,
ಹಾರಿಹೋಗಬಾರದು, ಸಾಯಲೂಬಾರದು.
ನಾನು ಬ್ರೇಕ್ ಹಿಡಿದೆ.
ಮೊಣಕೈ ನೋಡಿದ್ದೀಯಲ್ಲ.

ಹೂಮಳೆ ಬಿದ್ದು ಒಂಬತ್ತು ದಿನ.
ಆ ಏರಿನಲ್ಲಿ ಎರಡೂ ಕಡೆ ತೋಟ ಬೆಳ್ಳಗೆ ನಿಂತಿದೆ.
ನೋಡುತ್ತೀಯ, ನನಗೆ ಗೊತ್ತು. ನೋಡು,
ಆದರೆ ಬಾಯಿ ಮುಚ್ಚಿಕೊಂಡು ತುಳಿ:
ಜೇನುಹುಳಕ್ಕೆ ಈಗ ಸರಿದು ದಾರಿ ಬಿಡುವ ಪುರುಸೊತ್ತಿಲ್ಲ.
ಮೂರನೆಯ ತಿರುವಿನಲ್ಲಿ ಉಸಿರು ಕಿತ್ತುಬರುವಾಗ
ಕಾಫಿಹೂವಿನ ವಾಸನೆ ಒಳಗೆ ಹೊಕ್ಕಿ
ಎದೆಯಲ್ಲಿ ಜಾಗವೇ ಬಿಡುವುದಿಲ್ಲ.
ಇಳಿದು ತಳ್ಳಿದರೆ ನಾಚಿಕೆಯೇನಿಲ್ಲ.
ತಳ್ಳುವಾಗ ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ.

ಮೇಲೆ ದಾರಿ ಕವಲಾಗುತ್ತದೆ.
ಮೊಬೈಲಿನ ನಕ್ಷೆ ನೇರ ಹೋಗು ಅನ್ನುತ್ತದೆ.
ನೇರ ಹೋದರೆ ಗೇಟು, ಗೇಟಿಗೆ ಬೀಗ, ಬೀಗಕ್ಕೆ ಜೇಡರಬಲೆ.
ಬಲಕ್ಕೆ ಹೊರಳಿ ಐವತ್ತು ಮಾರು ಹೋಗಿದ್ದೆ,
ಆಕಾಶದಿಂದ ಯಾರೋ ಕೂಗಿದರು,
"ಅಕ್ಕಾ, ಸೈಕಲಕ್ಕಾ, ವಾಪಸ್ ಬನ್ನಿ."

ಸಿಲ್ವರ್ ಓಕಿನ ನೆತ್ತಿಯಲ್ಲಿ, ಒಂಟಿ ಬಿದಿರಿನ ಏಣಿಯ ಮೇಲೆ
ಸೊಂಟಕ್ಕೆ ಚೀಲ ಕಟ್ಟಿ ಮೆಣಸು ಕೊಯ್ಯುತ್ತಿದ್ದ,
ಎರವರ ಮುತ್ತ.
"ತಿರುವಿನಾಚೆ ಮೂರು ನಿಂತಿವೆ, ಒಂದು ಮರಿ."
ಏನು ನಿಂತಿವೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ತೋಟದವರ ಒಪ್ಪಿಗೆ ಬೇಕಿತ್ತೋ ಏನೋ ಎಂದು
"ಈ ದಾರಿ ಯಾರದು?" ಅಂದೆ.
ಒಂದು ಕರೆ ಮೆಣಸು ಕಿತ್ತು ಚೀಲಕ್ಕೆ ಹಾಕಿ
"ಹೊತ್ತಿಗೊಬ್ಬರದು" ಅಂದ.

ನಲವತ್ತು ನಿಮಿಷ ಆ ಮರದ ಬುಡದಲ್ಲಿ ಕೂತೆ.
ಹೆಲ್ಮೆಟ್ಟಿನ ಮೇಲೆ ಟಪ್ ಟಪ್ ಎಂದು ಹಸಿಮೆಣಸು.
ಆಚೆ ಒಂದು ಕೊಂಬೆ ಮುರಿದ ಸದ್ದು, ನಿಧಾನಕ್ಕೆ,
ಅವಸರ ಎಂದರೇನೆಂದು ಗೊತ್ತಿಲ್ಲದವರು ಮುರಿದ ಹಾಗೆ.
ಸರಾಸರಿ ವೇಗ ತೋರಿಸುವ ನನ್ನ ಗಡಿಯಾರ
ಎರಡು ಸಲ ಬಡಿದುಕೊಂಡು ತಾನೇ ಮಲಗಿತು.

"ಈಗ ನಿಮ್ಮದು" ಎಂದು ಮೇಲಿನಿಂದ ದನಿ ಬಂತು.
ಹೋದೆ.
ನಾನು ಹೋಗಿ ತಿರುಗಿದ್ದ ಟಯರಿನ ಗೆರೆ
ಅಲ್ಲಿಗೆ ನಿಂತಿತ್ತು. ಅದರ ಮೇಲೆ
ಮೊರದಗಲದ ಒಂದು ಹೆಜ್ಜೆ, ಪಕ್ಕದಲ್ಲಿ ತಟ್ಟೆಯಷ್ಟು ಇನ್ನೊಂದು,
ಜಲ್ಲಿಯೆಲ್ಲ ಮಣ್ಣಿಗೆ ಒತ್ತಿ ಸಮ ಮಾಡಿ.
ಪಂಚಾಯಿತಿಯ ರೋಲರು ಒಮ್ಮೆಯೂ ಮಾಡದ ಕೆಲಸ.
ಅದರ ಮೇಲೆ ಚಕ್ರ ಸದ್ದಿಲ್ಲದೆ ಉರುಳಿತು.

ಅಲ್ಲಿಂದ ಚೇಲಾವರದ ತನಕ ಇಳಿಜಾರು, ಹೇಳುವಂಥದ್ದಿಲ್ಲ.
ಚೆಯ್ಯಂಡಾಣೆಯಲ್ಲಿ ಟೀ ಸಿಗುತ್ತದೆ.

ನಿನಗೆ ಕಳಿಸಿದ ನಕ್ಷೆಯಲ್ಲಿ ಕವಲಿನ ಹತ್ತಿರ
ಗೆರೆ ತುಂಡಾಗಿದೆ. ತಪ್ಪಲ್ಲ, ನಾನೇ ಅಳಿಸಿದ್ದು.
ಅಲ್ಲಿ ನಿಂತು ಮರಗಳ ಕಡೆ ತಲೆ ಎತ್ತಿ ಕೂಗು.
ಮೆಣಸು ಉದುರಿದರೆ ಯಾರೋ ಇದ್ದಾರೆ.

ಮರೆತಿದ್ದೆ. ಒಂದು ಹಳೇ ಟ್ಯೂಬು ತಗೊಂಡು ಬಾ.
ಪಂಚರಾದದ್ದೇ ಸಾಕು. ಏಣಿಯನ್ನು ಮರಕ್ಕೆ ಬಿಗಿಯಲು
ಹಗ್ಗಕ್ಕಿಂತ ಅದು ಒಳ್ಳೆಯದಂತೆ.
ನನ್ನದು ಅವನಿಗೆ ಕೊಟ್ಟೆ.
ಅವನ ಹೆಂಡತಿಯ ಏಣಿಗೆ ಇನ್ನೊಂದು ಬೇಕು.