ಹುಡ್ಡಿನ ಮೇಲೆ ಬಂಗುಡೆ

ಮೂರು ತಿಂಗಳು ಮಳೆ ಕುಡಿದು ಬಂದಿತ್ತು ಹೆರಾಲ್ಡಿನ ಹುಡ್ಡು.
ಕಪ್ಪು ಅಂತ ಎಮಿಲ್ಡಾ ಬಾಯಿ ಹೇಳಿದ್ದಕ್ಕೆ ಕಪ್ಪು,
ನನ್ನ ಕಣ್ಣಿಗೆ ಬೂದಿ, ಹೊಲಿಗೆಯುದ್ದಕ್ಕೂ ಹಸಿರು ಬೂಸು.
‘ಮೊಂತಿ ಫೆಸ್ತ್ ಕಳೀತು ಪುತ್ತಬ್ಬ,
ಇನ್ನು ಬಿಸಿಲುಂಟು. ಸರಿ ಮಾಡಿ ಕೊಡಿ ಆಯ್ತಾ.’
ನಲವತ್ತು ವರ್ಷ ಕಂಕನಾಡಿಯಲ್ಲಿ ಡ್ರೈವಿಂಗ್ ಕಲಿಸಿದ ಹೆಂಗಸು,
ಮಾತೂ ಹಾಗೆ, ಕ್ಲಚ್ಚು ಅರ್ಧ ಬಿಟ್ಟು ಅರ್ಧ ಹಿಡಿದು.

ಹೋಗುವಾಗ ಕೊಡೆಯ ತುದಿಯಿಂದ ತೋರಿಸಿದರು:
‘ಮತ್ತೆ, ಅದು.’

ಹಿಂದಿನ ಕಿಟಕಿಯಿಂದ ಎರಡು ಗೇಣು ಮೇಲೆ ಒಂದು ಬಂಗುಡೆ.
ಮೀನು ಎಂದೋ ಹೋಗಿ ಎಣ್ಣೆ ಮಾತ್ರ ಉಳಿದದ್ದು,
ಮೂತಿ, ಹೊಟ್ಟೆ, ಸೀಳಿದ ಬಾಲ, ಅಚ್ಚು ಹೊಡೆದ ಹಾಗೆ.
ದಕ್ಕೆಯಲ್ಲಿ ಗಾಡಿ ನಿಲ್ಲಿಸಿ ಅಂಜಲಿಗೆ ಚೌಕಾಸಿ ಮಾಡುವಾಗ
ಮೇಲಿಂದ ಹದ್ದು ಕೈಬಿಟ್ಟಿದೆ.
ಇವರಿಗೆ ಗೊತ್ತಾದದ್ದು ಮಾರನೇ ದಿನ,
ನೆರೆಮನೆ ಬೆಕ್ಕು ಹೇಳಿದ ಮೇಲೆ.

ನಿಝಾಮ ಪೈಪು ತಂದ. ಹೆಬ್ಬೆರಳು ಒತ್ತಿ
ಚಿಮ್ಮಿಸಲು ಹೊರಟವನ ಕೈ ಹಿಡಿದೆ.
ಮೊದಲು ನೀರು ಸುಮ್ಮನೆ ಇಳಿಯಲಿ ಮಾರಾಯ,
ಮಗುವಿನ ನೆತ್ತಿಗೆ ಎರೆದ ಹಾಗೆ.
ಮರಳು ಹೋಗುವ ಮೊದಲು ಬ್ರಷ್ ಇಟ್ಟರೆ
ನಿನ್ನ ಕೈಯಲ್ಲಿರುವುದು ಸ್ಯಾಂಡ್‌ಪೇಪರು.
ಬಟ್ಟೆ ಸೋಪು ಬೇಡ, ಬ್ಲೀಚಿಂಗ್ ಪುಡಿ ಬೇಡ,
ಸೀಮೆಎಣ್ಣೆ ಅಂದೆಯೋ, ಮನೆಗೆ ಹೋಗು.
ಸೀಸೆಯ ಮದ್ದು ಒಂದು ಮುಚ್ಚಳ, ನೀರು ಒಂದು ಬಾಲ್ದಿ,
ಮೆತ್ತನೆ ಬ್ರಷ್ಷು. ಒಂದು ಚೌಕ ತಿಕ್ಕು, ಆ ಚೌಕ ತೊಳೆ,
ನೊರೆ ಅಲ್ಲೇ ಒಣಗಿದರೆ ಅದೂ ಒಂದು ಕಲೆ.

ಮೊದಲು ಇಳಿದದ್ದು ಕೆಂಪು:
ಪಣಂಬೂರಿನ ಅದಿರು ಇಷ್ಟು ದೂರ ಬರುತ್ತದೋ?
ಆಮೇಲೆ ಪಾಚಿ. ಆಮೇಲೆ ಹಳೇ ಚಹಾದ ಬಣ್ಣ,
ಅವರ ಗೇಟಿನ ಗುಲ್‌ಮೊಹರು ಇರಬೇಕು.
ನೀರು ನೀರಾಗಿ ಬರುವಷ್ಟರಲ್ಲಿ ನಮ್ಮ ಲುಂಗಿ
ಮೊಣಕಾಲಿನವರೆಗೆ ಒದ್ದೆ.

ಪ್ಲಾಸ್ಟಿಕ್ಕಿನ ಕಿಟಕಿ ಯಾರಿಗೂ ಕೊಡುವುದಿಲ್ಲ, ನಾನೇ.
ಪೊರೆ ಬಂದ ಕಣ್ಣು ಅದು.
ಒಣಬಟ್ಟೆ ತಾಗಿದರೆ ಸಾಕು, ಗೀರು.
ಹಳೇ ಬನಿಯನ್ನು ನೆನೆಸಿ ಮೇಲಿಂದ ಕೆಳಗೆ,
ಮೇಲಿಂದ ಕೆಳಗೆ, ಉಸಿರು ಬಿಗಿಹಿಡಿದು.
ಒಳಗೆ ಸ್ಟಿಯರಿಂಗ್ ಕಂಡಿತು, ಅದಕ್ಕೆ ನೇತುಬಿದ್ದ ಕೊಂತು,
ಆಚೆ ಬದಿಯಲ್ಲಿ ನಿಝಾಮನ ಹಲ್ಲು.

ಮೀನು ಮಾತ್ರ ಹೋಗಲಿಲ್ಲ.
ಮೂರು ಸಲ ತಿಕ್ಕಿದೆವು, ಬಾಲದ ಹತ್ತಿರ ಹಲ್ಲುಜ್ಜುವ ಬ್ರಷ್ಷಲ್ಲಿ.
ಬಾಲ ಕೊಂಚ ಮಾಸಿತು.
ವಿನೈಲ್ ಹುಟ್ಟುವುದೂ ಭೂಮಿಯ ಎಣ್ಣೆಯಿಂದಲೇ ಅಂತೆ,
ಕಂಪೆನಿಯವನೊಬ್ಬ ಹೇಳಿದ್ದ.
ಎಣ್ಣೆ ಎಣ್ಣೆಯ ಮನೆಗೆ ಬಂದಿದೆ,
ಎಬ್ಬಿಸಲು ನಾನು ಯಾರು?

ತಗಡಿನ ನೆರಳಲ್ಲಿ ಅಸರ್ ಬಾಂಗಿನವರೆಗೆ ಒಣಗಿಸಿದೆ.
ಹಸಿಯಲ್ಲಿ ಮಡಚಿದರೆ ಮಡಿಕೆಯೊಳಗೆ
ಬೂಸು ಸಂಸಾರ ಹೂಡುತ್ತದೆ.
ಕೊನೆಗೆ ಬಿಸಿಲು ತಡೆಯುವ ಲೇಪ, ಸ್ವಲ್ಪವೇ,
ತಾಗಿಯೂ ತಾಗದ ಹಾಗೆ, ಮೀನಿನ ಮೇಲೂ.
ಹೆಚ್ಚಾದದ್ದನ್ನು ಒರೆಸಿದೆ. ಹೊಳೆಯಬಾರದು,
ಹೊಳೆದರೆ ಅದು ಮದುಮಗನ ಶೂ.
ಚೊಂಬು ನೀರು ಹೊಯ್ದು ನೋಡಿದೆವು:
ಮಣಿಮಣಿಯಾಗಿ ಉರುಳಿ ಬಂಗುಡೆಯ ಬೆನ್ನ ಮೇಲೆ
ಗಳಿಗೆ ನಿಂತು ಜಾರಿದವು.
ನಿಝಾಮ ಅಂದ, ‘ಈಜ್ತಾ ಉಂಟು.’

ಐದಕ್ಕೆ ಬಂದರು. ನೋಡಿದರು.
‘ಹೋಗಲಿಲ್ಲ.’
‘ಇಲ್ಲ ಬಾಯಿ.’
ಹೆಬ್ಬೆರಳಿಂದ ಮೀನಿನ ಕಣ್ಣಿದ್ದ ಜಾಗ ಒತ್ತಿದರು,
ಮಾರ್ಕೆಟ್ಟಿನಲ್ಲಿ ತಾಜಾ ನೋಡುವ ಹಾಗೆ.
ಆಮೇಲೆ ಒಳಗೆ ಕೂತು ಎರಡು ಚಿಲಕ ಎಳೆದರು:
ಹುಡ್ಡು ನಿಟ್ಟುಸಿರಿಟ್ಟು ಹಿಂದಕ್ಕೆ ಹೋಯಿತು,
ಹೊಟ್ಟೆಯಲ್ಲಿ ಮಡಚಿಕೊಂಡಿತು ಬಂಗುಡೆ.
‘ಈಗ ಕಾಣೂದಿಲ್ಲ’ ಅಂತ ಗೇರು ಹಾಕಿದರು.

ಬಿಳಿ ಕೂದಲು ಹಾರಿಸಿಕೊಂಡು ಬಂದರಿನ ತಿರುವು ದಾಟುವಾಗ
ಗೋದಾಮಿನ ಮೇಲೆ ಹದ್ದೊಂದು ಸುತ್ತು ಹೊಡೆಯುತ್ತಿತ್ತು.
‘ಇನ್ನು ಸೀಟಿನ ಮೇಲೆ ಬಿದ್ದರೆ?’ ಅಂದ ನಿಝಾಮ.
ಸೀಟು ರೆಕ್ಸಿನ್ನು, ಅಂದೆ.
ಅದಕ್ಕೆ ಬೇರೆ ಬಿಲ್ಲು.